ಸಲೂನು ಮನೆಯ ಬೇಡಮ್ಮ

ಬಸ್ಸು ನಿಂತಿತು, ಎಲ್ಲರೂ ಇಳಿದರು. ಒಬ್ಬಳು ಮಾತ್ರ ಇಳಿಯಲಿಲ್ಲ.

ಗಡಿಯಾಚೆ ಯುದ್ಧ ಹತ್ತಿಕೊಂಡ ವರ್ಷ ಅದು. ರೈಲಿನಲ್ಲಿ ಬಂದಿಳಿದ ಮಕ್ಕಳನ್ನು ನಿಲ್ದಾಣದಿಂದ ಶಿಬಿರಕ್ಕೆ ಸಾಗಿಸಲು ನಗರ ಸಾರಿಗೆಯ ಬಸ್ಸುಗಳನ್ನು ಕರೆಸಿದ್ದರು. ಅಂಥದ್ದೊಂದು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು ನಮ್ಮ ಬೀದಿಯವಳೇ, ಸಲೂನಿನವನ ಹೆಂಡತಿ. ಬೀದಿಯ ಆ ಬದಿಗೆ ಅವರ ಸಲೂನು, ಈ ಬದಿಗೆ ನನ್ನ ಕನ್ನಡಕದ ಅಂಗಡಿ. ಆ ಮನೆಯಲ್ಲಿ ನಡೆದದ್ದರಲ್ಲಿ ಅರ್ಧವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉಳಿದರ್ಧವನ್ನು ಅವರೇ ನನಗೆ ಹೇಳಿದ್ದಾರೆ. ಸಲೂನಿನಲ್ಲಿ ಗುಟ್ಟು ನಿಲ್ಲುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ.

ಇಳಿಯದೆ ಉಳಿದವಳಿಗೆ ಹತ್ತು ವರ್ಷವಿರಬಹುದು. ಮೈಮೇಲೆ ದೊಡ್ಡವರ ಕೋಟು, ಕಾಲಲ್ಲಿ ಒಂದಕ್ಕೊಂದು ಜೋಡಿಯಲ್ಲದ ಬೂಟು, ಬೆನ್ನ ಮೇಲೆ ಹಗ್ಗದ ಹಾಗೆ ಗಂಟುಗಟ್ಟಿದ ಜಡೆ. ಬಾಗಿಲ ಪಕ್ಕದ ಕಂಬವನ್ನು ಎರಡೂ ತೋಳುಗಳಿಂದ ತಬ್ಬಿಕೊಂಡು ನಿಂತಿದ್ದಳು. ಶಿಬಿರದ ಮೇಲ್ವಿಚಾರಕ ಹತ್ತಿ ಬಂದು ನಯವಾಗಿ ಕರೆದ, ಆಮೇಲೆ ಗದರಿ ಕರೆದ. ಕೊನೆಗೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಹುಡುಗಿ ಅವನ ಕೈ ಕಚ್ಚಿದಳು.

"ಕೈ ತೆಗೀರಿ," ಅಂದಳು ಕಂಡಕ್ಟರ್.

"ಏನಮ್ಮಾ, ಕಚ್ಚಿದ್ದು ಅವಳು, ಕೈ ತೆಗೀಬೇಕಾದ್ದು ನಾನಾ?"

"ಹೌದು, ನೀವೇ. ಬಸ್ಸಲ್ಲಿ ಇರೋವರೆಗೂ ಪ್ಯಾಸೆಂಜರ್ ನನ್ನ ಜವಾಬ್ದಾರಿ. ನೀವು ಕೆಳಗಿಳಿದು ನಿಂತ್ಕೊಳ್ಳಿ."

ಆತ ಗೊಣಗುತ್ತ ಇಳಿದ. ಡ್ರೈವರ್ ಎಂಜಿನ್ ಆರಿಸಿದ. ಕಂಡಕ್ಟರ್ ತನ್ನ ಸೀಟಿನಲ್ಲಿ ಕೂತು ಊಟದ ಡಬ್ಬಿ ತೆಗೆದಳು, ಅರ್ಧ ಉಂಡು ಇನ್ನರ್ಧವನ್ನು ಪಕ್ಕದ ಸೀಟಿನ ಮೇಲಿಟ್ಟು ಕಿಟಕಿಯಾಚೆ ನೋಡುತ್ತ ಕೂತಳು. ಬಾ ಅನ್ನಲಿಲ್ಲ, ತಿನ್ನು ಅನ್ನಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಡಬ್ಬಿ ಖಾಲಿಯಾಗಿತ್ತು. ಹುಡುಗಿ ತಾನಾಗಿಯೇ ಕಂಬ ಬಿಟ್ಟು ಮೆಟ್ಟಿಲಿಳಿದಳು. ಗೇಟಿನ ಹತ್ತಿರ ತಿರುಗಿ ನಿಂತು ತನ್ನ ಭಾಷೆಯಲ್ಲಿ ಏನೋ ಹೇಳಿದಳು.

"ನಂಗೆ ಒಂದಕ್ಷರ ತಿಳೀಲಿಲ್ಲ," ಎಂದು ಕಂಡಕ್ಟರ್ ಆಮೇಲೆ ನನ್ನ ಮುಂದೆ ಹೇಳಿದಳು. "ಆದ್ರೆ ದನಿ ತಿಳೀತು. 'ನಾಳೆ ಬರ್ತೀಯಾ' ಅಂತ ಕೇಳೋ ದನಿ ಅಲ್ಲಣ್ಣಾ ಅದು. 'ನಾಳೆ ಬಾ' ಅನ್ನೋ ದನಿ."

ಮರುದಿನ ಹೋದಳು. ಡ್ಯೂಟಿ ಮುಗಿದ ಮೇಲೆ ಮತ್ತೆ ಮತ್ತೆ ಹೋದಳು. ಸ್ವಂತ ಮಕ್ಕಳಿಲ್ಲದ ಮನೆ ಅದು. ಗಂಡ ಮೊದಲಿಗೆ ಸುಮ್ಮನಿದ್ದ, ಆಮೇಲೆ ತಾನೂ ಜೊತೆಗೆ ಹೋಗತೊಡಗಿದ. ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ದತ್ತಕದ ಮಾತು ಬಂತು. ಅಧಿಕಾರಿಗಳು ಮನೆ ನೋಡಲು ಬಂದರು. ಕಿಟಕಿ ಎಷ್ಟು, ಬಚ್ಚಲು ಎಲ್ಲಿ, ಮನೆಯಲ್ಲಿ ಜಗಳವಾಗುತ್ತದೆಯೇ ಎಂದೆಲ್ಲ ವಿಚಾರಿಸಿದರು.

"ದಿನಾ ಆಗುತ್ತೆ," ಅಂದಳು ಸಲೂನಿನವನ ತಾಯಿ. ನಮಗೆಲ್ಲ ಅಜ್ಜಿ ಅವಳು. "ಜಗಳ ಇಲ್ದೆ ಇರೋದು ಖಾಲಿ ಮನೇಲಿ ಮಾತ್ರ."

ಅಧಿಕಾರಿ ನಕ್ಕು ಬರೆದುಕೊಂಡ. ಅಜ್ಜಿಗೆ ಮಾತ್ರ ಈ ದತ್ತಕ ಇಷ್ಟವಿರಲಿಲ್ಲ. ಯಾರದ್ದೋ ಊರಿನ ಬೆಂಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರ್ತಿದ್ದಾಳೆ ಎಂದು ಸೊಸೆಯ ಮೇಲೆ ನನ್ನ ಹತ್ತಿರ ದೂರು ಹೇಳಿದ್ದಳು.

ಆ ಮನೆಯಲ್ಲಿ ಬೀದಿಗೆ ಸಲೂನು, ನಡುವೆ ಒಂದು ಪರದೆ, ಹಿಂದೆ ಎರಡು ಕೋಣೆ. ಸಲೂನಿನಲ್ಲಿ ಎರಡು ಕುರ್ಚಿಗಳಿದ್ದರೂ ಒಂದು ಕೆಟ್ಟು, ಹಳೆಯ ಪೇಪರು ಪೇರಿಸುವ ಜಾಗವಾಗಿತ್ತು. ಅಜ್ಜಿಯ ಮಂಚ ಪರದೆಯ ಹಿಂದೆಯೇ ಇದ್ದುದರಿಂದ ಗಿರಾಕಿಗಳ ಮಾತಿಗೆಲ್ಲ ಅಲ್ಲಿಂದಲೇ ಅವಳ ತೀರ್ಪು ಬರುತ್ತಿತ್ತು. ಹುಡುಗಿಗೆಂದು ಒಳಗಿನ ಕೋಣೆಯಲ್ಲಿ ಹೊಸ ಹಾಸಿಗೆ ಹಾಸಿದ್ದರು. ಅವಳು ಬಾಗಿಲ ಪಕ್ಕ ಬರಿ ನೆಲದ ಮೇಲೆ ಬೂಟು ಹಾಕಿಕೊಂಡೇ ಮಲಗಿದಳು. ಊಟದ ತಟ್ಟೆಯ ಸುತ್ತ ಒಂದು ತೋಳಿನ ಬೇಲಿ ಕಟ್ಟಿಕೊಂಡು ಉಂಡಳು.

ನಮ್ಮ ಭಾಷೆಯಲ್ಲಿ ಅವಳು ಕಲಿತ ಮೊದಲ ಪದ 'ಬೇಡ'. ಹಾಸಿಗೆ? ಬೇಡ. ಹಾಲು? ಬೇಡ. ಹೊಸ ಫ್ರಾಕು? ಬೇಡ. ಬಚ್ಚಲಿಗೆ ಒಬ್ಬಳೇ ಹೋಗ್ತೀಯಾ, ದೀಪ ಹಾಕಲಾ? ಬೇಡ, ಬೇಡ.

"ಈ ಮಗೂಗೆ ಬರೋದು ಒಂದೇ ಪದ," ಅಂದಳು ಅಜ್ಜಿ. "ಆದ್ರೆ ಅದರಲ್ಲಿ ಪಂಡಿತೆ ಕಣೋ."

ಹಾಗೆ ಅವಳು ಬೇಡಮ್ಮ ಆದಳು. ಅವಳಿಗೆ ಹುಟ್ಟಿನ ಹೆಸರೊಂದು ಇದೆ. ತನ್ನೂರಿನವರ ಹಾಗೆ ಉಚ್ಚರಿಸಲು ಬಾರದವರು ಅದನ್ನು ಮುಟ್ಟಕೂಡದೆಂದು ಅವಳ ಕಟ್ಟಪ್ಪಣೆ. ಹಾಗಾಗಿ ನಾನೂ ಮುಟ್ಟುವುದಿಲ್ಲ.

ಬಂದ ವಾರವೇ ಒಂದು ಸಂಜೆ ಸಲೂನಿನವ ಎಂದಿನಂತೆ ಷಟರ್ ಎಳೆದ. ತಗಡಿನ ಷಟರ್ ಧಡಾರನೆ ನೆಲಕ್ಕೆ ಬಡಿಯಿತು. ಕೂದಲು ಗುಡಿಸುವುದನ್ನು ನೋಡುತ್ತ ನಿಂತಿದ್ದ ಹುಡುಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾದಳು. ಹುಡುಕಿದರೆ ಕೆಟ್ಟ ಕುರ್ಚಿಯ ಕೆಳಗೆ, ಹಳೆಯ ಪೇಪರುಗಳ ಹಿಂದೆ, ಮೊಣಕಾಲಲ್ಲಿ ಮುಖ ಹುದುಗಿಸಿ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಾಳೆ. ಕರೆದರೆ ಬರಲಿಲ್ಲ. ಸಲೂನಿನವ ಕೂದಲು ಬಿದ್ದ ನೆಲದ ಮೇಲೆಯೇ ಮಲಗಿ, ಕುರ್ಚಿಯ ಕೆಳಗೆ ಕೈ ಚಾಚಿ, ಅವಳ ಬೂಟಿನ ತುದಿಗೆ ಒಂದು ಬೆರಳು ತಾಗಿಸಿಕೊಂಡು ಅವಳು ಹೊರಬರುವ ತನಕ ಹಾಗೇ ಇದ್ದ.

ಮರುದಿನ ಷಟರ್ ಜಾರುವ ಕಂಬಿಗೆ ಎಣ್ಣೆ ಬಿಟ್ಟ. ಅಂದಿನಿಂದ ಎರಡೂ ಕೈಯಲ್ಲಿ ಹಿಡಿದು, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಳಿಸುತ್ತಿದ್ದ. ಬೀದಿಯವರು ನಕ್ಕರು. "ಷಟರಿಗೇನು ಬಾಣಂತನಾನಾ?" ಎಂದು ನಾನೂ ಚುಡಾಯಿಸಿದೆ. ಆತ ತಲೆ ಕೆಡಿಸಿಕೊಳ್ಳಲಿಲ್ಲ.

ಭಾಷೆ ಸ್ವಲ್ಪ ಸ್ವಲ್ಪವಾಗಿ ಬಂತು. ಒಂದು ದಿನ ಊಟಕ್ಕೆ ಕೂತಾಗ ಹುಡುಗಿ ಸಲೂನಿನವನ ಕಡೆ ತಿರುಗಿ, "ಅಪ್ಪಾ, ನೀರು ಕೊಡು," ಅಂದುಬಿಟ್ಟಳು. ಆತ ಲೋಟ ತುಂಬಿ ಹರಿಯುವವರೆಗೂ ತಂಬಿಗೆ ಬಗ್ಗಿಸಿದ. ಕಂಡಕ್ಟರಿಗೆ ಸಂತೋಷವೂ ಆಯಿತು, ಒಳಗೆಲ್ಲೋ ಚುರ್ ಅಂತಲೂ ಅಂದಿತು. ಬಸ್ಸಿನಲ್ಲಿ ಕೂತು ಕಾದವಳು ತಾನು, ಶಿಬಿರಕ್ಕೆ ಅಲೆದವಳು ತಾನು. ತನಗೆ ಮಾತ್ರ ಇನ್ನೂ 'ರೀ', 'ಇಲ್ನೋಡಿ' ಅನ್ನುವುದು ಬಿಟ್ಟರೆ ಬೇರೆ ಇಲ್ಲ.

ಕೆಲವು ದಿನ ನುಂಗಿಕೊಂಡಳು, ಆಮೇಲೆ ಕೇಳಿಯೇಬಿಟ್ಟಳು. "ಅವರು ಅಪ್ಪ ಆದ್ರೆ ನಾನೇನು?"

ಹುಡುಗಿ ಬಹಳ ಹೊತ್ತು ಪದ ಹುಡುಕಿದಳು. "ಅಪ್ಪನ್ನ ನಾನು ನೋಡಿಲ್ಲ. ಆ ಜಾಗ ಖಾಲಿ ಇತ್ತು," ಅಂದಳು. "ಅಮ್ಮ ಇದ್ಳು. ಆ ಜಾಗ ಖಾಲಿ ಇಲ್ಲ."

ಕಂಡಕ್ಟರ್ ಒಲೆಯ ಕಡೆ ತಿರುಗಿ ಉರಿ ಸಣ್ಣ ಮಾಡಿದಳಂತೆ. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, "ಸರಿ ಬಿಡು. ಸೀಟು ಖಾಲಿ ಇಲ್ಲ ಅಂದ್ರೆ ನಿಂತ್ಕೊಂಡೇ ಬರ್ತೀನಿ. ನನಗೇನು ಹೊಸದಾ?" ಅಂದಳು. "ಬಸ್ಸಲ್ಲಿ ಎಲ್ಲಾರೂ ಕರೆಯೋ ಹಾಗೆ ಕಂಡಕ್ಟ್ರೇ ಅನ್ನು."

ಅಂದಿನಿಂದ ಇಂದಿನವರೆಗೂ ಅವಳು ಕಂಡಕ್ಟ್ರೇ. ಊರಿನವರಿಗೆ ಇದು ಹಿಡಿಸಲಿಲ್ಲ. ಸಲೂನಿನವನ ಅಕ್ಕ ಬಂದಾಗಲೆಲ್ಲ, "ಇಷ್ಟೆಲ್ಲ ಮಾಡಿದೋಳನ್ನ ಅಮ್ಮ ಅನ್ನೋಕೆ ನಿನಗೇನು ದೊಡ್ಡ ರೋಗ?" ಎಂದು ಹುಡುಗಿಯನ್ನು ಹಿಡಿದು ಕೇಳುತ್ತಿದ್ದಳು. ಹುಡುಗಿ ತಲೆ ತಗ್ಗಿಸುತ್ತಿರಲಿಲ್ಲ. "ಅಮ್ಮ ಅಂದ್ರೆ ಸುಳ್ಳಾಗುತ್ತೆ. ಕಂಡಕ್ಟ್ರು ಅಂದ್ರೆ ನಿಜ. ಅತ್ತೆ, ನಿಮಗೆ ಯಾವುದು ಬೇಕು?"

ಜಡೆಯ ರಗಳೆ ಶುರುವಾದದ್ದು ಶಾಲೆಗೆ ಸೇರಿಸಿದ ಮೇಲೆ. ಆ ಜಡೆಯನ್ನು ಅವಳು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಶಿಬಿರದಲ್ಲಿ ಹೇನಿಗೆ ಹೆದರಿ ಎಲ್ಲ ಮಕ್ಕಳ ತಲೆ ಬೋಳಿಸಿದಾಗ ಇವಳೊಬ್ಬಳೇ ತಪ್ಪಿಸಿಕೊಂಡಿದ್ದಳು. ಹೇಗೆ ಅನ್ನುವುದಕ್ಕೆ ಅಲ್ಲಿಯ ಸಿಬ್ಬಂದಿಯ ಕೈಗಳ ಮೇಲೆ ಹಲ್ಲಿನ ಗುರುತುಗಳಿದ್ದವು. ಹೇನಿಗೆ ಔಷಧಿ ಹಾಕಿಸಿಕೊಂಡಳು, ಮೇಲಿಂದ ನೀರು ಹೊಯ್ಯಿಸಿಕೊಂಡಳು, ಹೆಣೆದದ್ದನ್ನು ಮಾತ್ರ ಬಿಚ್ಚಗೊಡಲಿಲ್ಲ. ಅದು ಬಿಗಿದು, ಒಳಗೆ ಗಂಟಾಗಿ, ತೆಂಗಿನ ನಾರಿನ ಹಗ್ಗದ ಹಾಗಾಗಿತ್ತು.

ಮುಖ್ಯೋಪಾಧ್ಯಾಯಿನಿ ಸಲೂನಿನವನನ್ನು ಕರೆಸಿದರು. "ನೀವು ಊರಿನವರ ತಲೆಯೆಲ್ಲ ನೀಟಾಗಿ ಮಾಡ್ತೀರಿ. ನಿಮ್ಮನೆ ಮಗುವಿನ ತಲೆ ಹೀಗಾ? ಸೋಮವಾರದೊಳಗೆ ಕತ್ತರಿಸ್ಕೊಂಡು ಬರಲಿ."

"ಮೇಡಂ, ನಾನು ಕೂತೋರ ಕೂದಲು ಮಾತ್ರ ಕತ್ತರಿಸೋನು," ಅಂದ ಸಲೂನಿನವ. "ಅವಳು ಇನ್ನೂ ನನ್ನ ಕುರ್ಚೀಲಿ ಕೂತಿಲ್ಲ."

"ಮಲಗಿದ್ದಾಗ ಕತ್ತರಿಸಿ. ಬೆಳಿಗ್ಗೆ ಅತ್ತು ಸುಮ್ಮನಾಗ್ತಾಳೆ."

"ನಿದ್ದೆಯಲ್ಲಿದ್ದೋರ ತಲೆಗೆ ಕತ್ತರಿ ಹಾಕೋದು ಕಳ್ಳನ ಕೆಲಸ, ಮೇಡಂ. ನಂದು ಬೇರೆ ಕಸುಬು," ಎಂದು ಕೈ ಮುಗಿದು ಎದ್ದುಬಂದ. ಮಾತು ಕಡಿಮೆಯ ಮನುಷ್ಯ. ಹಾಗೆ ಹೇಳಿ ಬರುವ ಭರದಲ್ಲಿ ಮನೆ ದಾಟಿ ಮುಂದೆ ಹೋಗಿಬಿಟ್ಟಿದ್ದೆ ಎಂದು ಅವನೇ ಹೇಳಿದ.

ಅದೇ ವಾರ ಶಾಲೆಯಲ್ಲಿ ಒಬ್ಬಳು ಇವಳ ಅಡ್ಡಹೆಸರನ್ನು ಹಿಡಿದು ಹೀಯಾಳಿಸಿದಳು. "ಬೇಡಮ್ಮ ಅಂದ್ರೆ ಯಾರಿಗೂ ಬೇಡವಾದೋಳು ಅಂತ." ಇವಳು ಬೂಟಿನ ಕಾಲಿನಲ್ಲಿ ಒದ್ದಳು. ಟೀಚರು ಎಳೆದು ನಿಲ್ಲಿಸಿ ಕ್ಷಮೆ ಕೇಳು ಅಂದರು. ಒದ್ದದ್ದಕ್ಕೆ ಕೇಳಿದಳು. ಆಮೇಲೆ ಇಡೀ ತರಗತಿಯ ಕಡೆ ತಿರುಗಿ ಹೇಳಿದಳಂತೆ: "ನಾನು ಬೇಡ ಅನ್ನೋಳು. ಬೇಡ ಅನ್ನಿಸ್ಕೊಂಡೋಳಲ್ಲ." ಟೀಚರಿಗೆ ನಗು ತಡೆಯಲಾಗದೆ ಹಲಗೆಯ ಕಡೆ ಮುಖ ತಿರುಗಿಸಿಕೊಂಡರಂತೆ.

ಸೋಮವಾರ ಕಳೆದರೂ ಜಡೆ ಹಾಗೇ ಇತ್ತು. ಅದಕ್ಕೆ ದಾರಿ ಮಾಡಿದವಳು ಅಜ್ಜಿ. ಮಾಡಬೇಕೆಂದು ಮಾಡಿದ್ದಲ್ಲ. ಅವಳ ತೋಳು ಮೇಲೇಳದ ಹಾಗೆ ಹಿಡಿದುಕೊಂಡಿತ್ತು. ಸೊಸೆ ಡ್ಯೂಟಿಗೆ ಹೋಗಿದ್ದಳು. ಅಜ್ಜಿ ಬಾಚಣಿಗೆಯನ್ನು ಹುಡುಗಿಯ ಮಡಿಲಿಗೆ ಎಸೆದು, "ಸುಮ್ಮನೆ ಕೂತು ನನ್ನ ಮುಖ ನೋಡ್ತೀಯಲ್ಲ, ಹಿಂದೆ ಕೂತು ಬಾಚು," ಅಂದಳು. ಹುಡುಗಿ ಬಾಚಿ, ಇದ್ದ ನಾಲ್ಕು ಬಿಳಿ ಕೂದಲನ್ನು ಭಾಗ ಮಾಡಿ ಹೆಣೆದಳು. ಅಜ್ಜಿ ತಡವಿ ನೋಡಿಕೊಂಡಳು. ಮಗನನ್ನು ಕೂಗಿ ಹಿಂದೊಂದು ಮುಂದೊಂದು ಕನ್ನಡಿ ಹಿಡಿಸಿ ಮತ್ತೆ ನೋಡಿಕೊಂಡಳು.

"ಇದ್ಯಾವ ಜಡೆಯೇ? ನಾಲ್ಕೆಳೇದು! ಹಾವಿನ ಹಾಗೆ ದುಂಡಗಿದೆ. ಯಾರು ಕಲಿಸಿದ್ರು?"

"ಯಾರೂ ಕಲಿಸಲಿಲ್ಲ," ಅಂದಳು ಹುಡುಗಿ. "ಅಮ್ಮ ನನಗೆ ಹಾಕ್ತಿದ್ಳು." ಆಮೇಲೆ ತನ್ನ ಕೈಗಳನ್ನೇ ಮಗುಚಿ ಮಗುಚಿ ನೋಡಿಕೊಂಡಳು. ಅವಕ್ಕೆ ಅದು ಹೇಗೆ ಗೊತ್ತಾಯಿತು ಎಂದು ಅವಳಿಗೇ ತಿಳಿಯಲಿಲ್ಲ.

ಆ ಮಧ್ಯಾಹ್ನ ಅಜ್ಜಿಯ ಬೆನ್ನಿಗೆ ಮಾತಾಡುತ್ತ ಅವಳು ಹೇಳಿದಳು. ತನ್ನೂರಿನಲ್ಲಿ ಆ ಕೊನೆಯ ದಿನ ಬೆಳಿಗ್ಗೆ ಅಮ್ಮ ಜಡೆ ಹೆಣೆದಿದ್ದಳು. ಹೆಣೆದು, ಬೆನ್ನ ಮೇಲೊಂದು ತಟ್ಟಿ, ಬೀದಿಯ ಕೊನೆಯ ನಲ್ಲಿಯಿಂದ ನೀರು ತಾ ಎಂದು ಕಳಿಸಿದ್ದಳು. ಬಿಂದಿಗೆ ತುಂಬುವ ಹೊತ್ತಿಗೆ ಆಕಾಶ ಬಿರಿದಂತಾಯಿತು. ಬಿಂದಿಗೆ ಹೊತ್ತು ತಿರುಗಿ ಬಂದರೆ ಬೀದಿಯಲ್ಲಿ ಅವರ ಮನೆಯಿದ್ದ ಕಡೆ ಧೂಳು ಮಾತ್ರ ಇತ್ತು.

ಅಜ್ಜಿ ಒಂದು ಮಾತೂ ಆಡಲಿಲ್ಲ. ಆ ಬಾಯಿ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಕಂಡು ಗಿರಾಕಿಗಳಿಗೇ ಗಾಬರಿಯಾಗಿ ಒಬ್ಬ ಪರದೆ ಸರಿಸಿ ನೋಡಿದ. ಮರುದಿನವೂ ಬಾಚಣಿಗೆ ಹುಡುಗಿಯ ಮಡಿಲಿಗೆ ಬಿತ್ತು. ಅದರ ಮರುದಿನವೂ ಬಿತ್ತು. ಅಜ್ಜಿಯ ತೋಳು ಯಾವಾಗಲೋ ಸರಿಹೋಗಿತ್ತು ಅನ್ನುವುದು ನಮಗೆ ಆಮೇಲೆ ತಿಳಿಯಿತು.

ಒಂದು ಭಾನುವಾರ, ಸಲೂನಿನಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು. ನಾನೂ ಬೆಂಚಿನ ಮೇಲಿದ್ದೆ. ಪರದೆ ಸರಿಸಿ ಹುಡುಗಿ ಬಂದು, ಖಾಲಿಯಾದ ಕುರ್ಚಿಗೆ ನೇರ ಹತ್ತಿ ಕೂತಳು.

"ಪುಟ್ಟಾ, ಸರದಿ ಇದೆಯಲ್ಲೋ," ಅಂದರು ಬೆಂಚಿನ ಮೇಲಿದ್ದ ಹಿರಿಯರೊಬ್ಬರು.

"ನಾನು ಬಂದಾಗಿನಿಂದ ಸರದೀಲೇ ಇದ್ದೀನಿ," ಅಂದಳು.

ಸಲೂನಿನವ ಕನ್ನಡಿಯೊಳಗೆ ಅವಳನ್ನು ನೋಡಿದ. "ಬಿಚ್ಚಬೇಕಾ?"

"ಬೇಕು."

ಆತ ಜಡೆಗೆ ಎಣ್ಣೆ ಬಿಟ್ಟು ಬಾಚಣಿಗೆಯ ಹಿಂಬದಿಯಿಂದ ಎಳೆ ಎಳೆ ಬಿಡಿಸಿದ. ಬೆಂಚಿನವರು ಯಾರೂ ಎದ್ದು ಹೋಗಲಿಲ್ಲ. ಕಂಡಕ್ಟರ್ ಒಳಗಿನಿಂದ ಬಂದು ಚೌಕಟ್ಟಿಗೆ ಒರಗಿ ನಿಂತಳು. ಬುಡದ ಕೂದಲು ಬಿಡಿಸಿಕೊಂಡಿತು, ತುದಿ ಬಿಡಿಸಿಕೊಳ್ಳಲಿಲ್ಲ. ಆತ ಕೈ ಚೆಲ್ಲಿದಾಗ ಹುಡುಗಿ ಕೈ ಚಾಚಿದಳು. ಕತ್ತರಿ ಕೊಟ್ಟ. ತುದಿಯನ್ನು ಮುಂದಕ್ಕೆ ಎಳೆದುಕೊಂಡು ತಾನೇ ಕತ್ತರಿಸಿದಳು.

ಕಂಡಕ್ಟರ್ ಕಣ್ಣೊರೆಸಿಕೊಳ್ಳುತ್ತ ಆ ಗಂಟನ್ನು ಎತ್ತಿಕೊಳ್ಳಲು ಬಗ್ಗಿದಳು. "ಒಂದು ಡಬ್ಬೀಲಿ ಹಾಕಿಡೋಣ ಕಣೇ."

"ಬೇಡ ಕಂಡಕ್ಟ್ರೇ," ಅಂದಳು ಹುಡುಗಿ. "ಕೂದಲು ಅದು. ಗುಡಿಸ್ಬೇಕು." ಪೊರಕೆ ತಂದು ಎಲ್ಲರ ಕೂದಲಿನ ಜೊತೆ ಅದನ್ನೂ ಗುಡಿಸಿದಳು. ಆಮೇಲೆ ಒಳಗೆ ಹೋಗಿ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಸಲೂನಿನವ ಗಿರಾಕಿಗಳಿಗೆ ಕೇಳದಿರಲಿ ಎಂದು ರೇಡಿಯೋ ಜೋರು ಮಾಡಿದ. ನಮಗೆ ಕೇಳಿಸಿತು, ಕೇಳಿಸಲಿಲ್ಲ ಎಂಬಂತೆ ಪೇಪರು ಓದಿದೆವು.

ಜಡೆಯಾಯಿತು, ಇನ್ನು ಷಟರಿನ ಮೇಲೆ ಕಣ್ಣು ಬಿತ್ತು. ಒಂದು ಸಂಜೆ ಅಪ್ಪ ಅದನ್ನು ತೊಟ್ಟಿಲಿಗೆ ಹಾಕಲು ಹೊರಟಾಗ ಅವನ ಕೈ ಸರಿಸಿ, ಕೊಕ್ಕೆ ಹಿಡಿದು ಜೋತುಬಿದ್ದು ಎಳೆದಳು. ಧಡಾರ್! ಮುಖ ಬಿಳಿಚಿಕೊಂಡಿತು. ಮೇಲೆತ್ತಿ ಮತ್ತೆ ಎಳೆದಳು. ಧಡಾರ್! ಅಂಗಡಿಯವರು, ದಾರಿಹೋಕರು ಬಂದು ಸೇರಿದರು. ಬೀದಿನಾಯಿಗಳು ಬೊಗಳಿದವು. ಅವಳು ನಿಲ್ಲಿಸಲಿಲ್ಲ. ಬೆವರು ಇಳಿಯುತ್ತಿತ್ತು, ತನ್ನ ಭಾಷೆಯಲ್ಲಿ ಷಟರಿಗೆ ಏನೇನೋ ಬೈಯುತ್ತಿದ್ದಳು. ಅಜ್ಜಿ ಒಳಗಿನಿಂದ ಬಂದು ನಿಂತು ಅದೇ ಬೈಗುಳವನ್ನು ತಾನೂ ಬೈದಳು, ಅದೂ ಸ್ಪಷ್ಟ ಉಚ್ಚಾರದಲ್ಲಿ. ಅಜ್ಜಿ ಮೊಮ್ಮಗಳು ಪರದೆಯ ಹಿಂದೆ ಇಷ್ಟು ದಿನ ಏನು ಕಲಿಯುತ್ತ ಕಲಿಸುತ್ತ ಇದ್ದರು ಅನ್ನುವುದು ಅಂದು ಬಯಲಾಯಿತು. ಕೊನೆಗೆ ಹುಡುಗಿ ಕೈ ಕೊಡವಿಕೊಂಡು, "ಬರೀ ತಗಡು," ಅಂದಳು. ಆ ರಾತ್ರಿ ಬೂಟು ಬಿಚ್ಚಿ ಮಲಗಿದಳು.

ಅವಳಿಗೆ ಹದಿನಾಲ್ಕು ತುಂಬಿದಾಗ ಬ್ಯಾನರಿನ ಗಲಾಟೆ ನಡೆಯಿತು. ಊರಿನ ಸಹಾಯ ಸಂಘವೊಂದು ಚಂದಾ ಎತ್ತಲು ಸಭೆ ಏರ್ಪಡಿಸಿ, ಬಸ್ ನಿಲ್ದಾಣದ ಎದುರು ದೊಡ್ಡ ಬ್ಯಾನರ್ ಕಟ್ಟಿತ್ತು. ಅದರ ತುಂಬ ಇವಳ ಮುಖ. ರೈಲಿಳಿದ ದಿನ ಯಾರೋ ತೆಗೆದ ಫೋಟೋ, ಬಾಯಿ ತೆರೆದು ಅಳುತ್ತಿರುವ ಮಗು. ಕೆಳಗೆ 'ಈ ಕಣ್ಣೀರು ಒರೆಸೋಣ ಬನ್ನಿ' ಎಂದು ಬರೆದಿತ್ತು. ಶಾಲೆಯಿಂದ ಬರುತ್ತ ಅವಳು ಅದನ್ನು ಕಂಡಳು. ಮನೆಗೆ ಬಂದು ಕತ್ತರಿ ತೆಗೆದುಕೊಂಡು ಹೋದಳು. ಹಾಡುಹಗಲೇ, ಜನ ನೋಡುತ್ತಿರುವಾಗಲೇ, ಗೂಡಂಗಡಿಯ ಸ್ಟೂಲು ಎಳೆದು ಹತ್ತಿ ತನ್ನ ಮುಖವನ್ನು ದುಂಡಗೆ ಕತ್ತರಿಸಿ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದಳು.

ಸಂಘದ ಕಾರ್ಯದರ್ಶಿ ಒಬ್ಬ ಪೊಲೀಸಿನವನನ್ನು ಕರೆದುಕೊಂಡು ಸಲೂನಿಗೆ ಬಂದಾಗ ನಾನು ಕುರ್ಚಿಯಲ್ಲಿದ್ದೆ. ಒಂದು ಕೆನ್ನೆ ಆಗಿತ್ತು, ಇನ್ನೊಂದರ ಮೇಲೆ ನೊರೆ.

"ಬ್ಯಾನರ್ ಹಾಳು ಮಾಡಿದ್ದು ಯಾರು?"

"ನಾನು," ಅಂದಳು ಪರದೆ ಸರಿಸಿ ಬಂದ ಹುಡುಗಿ.

"ಅದು ಸಂಘದ ಆಸ್ತಿ, ಗೊತ್ತಾ?"

"ಬ್ಯಾನರ್ ನಿಮ್ಮದು. ಅದು ಅಲ್ಲೇ ಇದೆ. ಮುಖ ನಂದು, ನಾನು ತಂದ್ಕೊಂಡೆ."

ಕಾರ್ಯದರ್ಶಿ ದನಿ ಇಳಿಸಿದರು. ಕೆಟ್ಟ ಮನುಷ್ಯರಲ್ಲ ಅವರು. ತಾವು ಒಳ್ಳೆಯವರೆಂದು ತಮಗೇ ತುಸು ಹೆಚ್ಚಾಗಿ ಗೊತ್ತಿದ್ದವರು. "ನೋಡಮ್ಮ, ನಿನ್ನಂಥ ಮಕ್ಕಳಿಗಾಗಿಯೇ ಅಲ್ವಾ ನಾವು ಇಷ್ಟೆಲ್ಲ ಓಡಾಡೋದು? ನೀನು ವೇದಿಕೆ ಮೇಲೆ ಬಂದು ಎರಡು ಮಾತು ಹೇಳಿದ್ರೆ ಜನರ ಮನಸ್ಸು ಕರಗುತ್ತೆ."

"ಆ ಫೋಟೋದಲ್ಲಿ ನಾನು ಯಾಕೆ ಅಳ್ತಿದ್ದೆ, ಹೇಳಿ ನೋಡೋಣ."

ಅವರು ತಡವರಿಸಿದರು. "ಯುದ್ಧ... ಮನೆ... ತಾಯಿ..."

"ಹಲ್ಲು ನೋಯ್ತಿತ್ತು," ಅಂದಳು. "ಅಮ್ಮನಿಗೋಸ್ಕರ ನಾನು ಅತ್ತಿದ್ದನ್ನ ಯಾರೂ ಫೋಟೋ ತೆಗೆದಿಲ್ಲ. ತೆಗೆಯೋಕೆ ನಾನು ಬಿಡೋದೂ ಇಲ್ಲ. ಶಿಬಿರದ ಮಕ್ಕಳಿಗೆ ದುಡ್ಡು ಬೇಕಾ? ಕೇಳಿ, ನಾನೂ ನಿಮ್ಮ ಜೊತೆ ಬೀದಿ ಸುತ್ತುತೀನಿ. ಅಳೋ ಮುಖ ಬೇಕು ಅಂದ್ರೆ ನಿಮ್ಮದೇ ಹಾಕ್ಕೊಳ್ಳಿ."

ಅಷ್ಟರಲ್ಲಿ ಯೂನಿಫಾರಂ ತೊಟ್ಟ ಕಂಡಕ್ಟರ್ ಬಾಗಿಲಲ್ಲಿ ನಿಂತಿದ್ದಳು. ಸುದ್ದಿ ಡಿಪೋಗೂ ಮುಟ್ಟಿತ್ತು. "ಸಾರ್, ಬೆಳಗಿಂದ ನನ್ನ ಮಗಳ ಮುಖದ ಮೇಲೆ ಟಿಕೆಟ್ ಇಲ್ದೆ ಸವಾರಿ ಮಾಡಿದ್ದೀರಿ," ಅಂದಳು. "ದಂಡ ಹಾಕ್ದೆ ಇಳಿಸ್ತಿದ್ದೀನಿ. ಇಳ್ಕೊಳ್ಳಿ."

ಪೊಲೀಸಿನವ ಕೆಮ್ಮಿ ನಗು ನುಂಗಿಕೊಂಡ. ತನ್ನ ಗಡ್ಡ ಸವರಿಕೊಳ್ಳುತ್ತ, "ಇವರದ್ದಾದ್ಮೇಲೆ ನಂದಾಗುತ್ತಾ?" ಎಂದು ನನ್ನನ್ನು ತೋರಿಸಿ ಕೇಳಿ, ಬೆಂಚಿನ ಮೇಲೆ ಕೂತುಬಿಟ್ಟ. ಕಾರ್ಯದರ್ಶಿ ಒಬ್ಬರೇ ಹೋದರು.

ಸಲೂನಿನವ ಈಗ ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಮುಖ ಅಳುವಂತಾಯಿತು. "ಫ್ಲೆಕ್ಸ್ ಕತ್ತರಿಸೋಕೆ ನನ್ನ ಕೂದಲ ಕತ್ತರೀನೇ ಬೇಕಿತ್ತೇನೇ?"

"ತಪ್ಪಾಯ್ತಪ್ಪಾ," ಅಂದಳು. ಆ ಇಡೀ ಪ್ರಕರಣದಲ್ಲಿ ಅವಳು ಕ್ಷಮೆ ಕೇಳಿದ್ದು ಅದೊಂದಕ್ಕೇ.

ಬೀದಿಯಲ್ಲಿ ಕೆಲವರು ಆಡಿಕೊಂಡರು. ಉಂಡ ಮನೆಯ ಜಂತೆ ಎಣಿಸುವ ಹುಡುಗಿ ಅಂದರು. ಅಜ್ಜಿ ಮಂಚದಿಂದಲೇ ಉತ್ತರ ಕೊಟ್ಟಳು. "ಉಂಡಿದ್ದು ನಮ್ಮನೇಲಿ, ಎಣಿಸಿದ್ರೆ ನಮ್ಮನೆ ಜಂತೆ. ಎಷ್ಟಿವೆ ಅಂತ ನಾವೂ ತಿಳ್ಕೋತೀವಿ. ನಿಮಗ್ಯಾಕೆ ಉರಿ?" ಸಂಘದ ಮುಂದಿನ ಬ್ಯಾನರಿನಲ್ಲಿ ಮುಖಗಳಿರಲಿಲ್ಲ, ಅಕ್ಷರಗಳಷ್ಟೇ ಇದ್ದವು. ಹುಡುಗಿ ಹೇಳಿದ ಮಾತಿಗೆ ತಪ್ಪದೆ ಡಬ್ಬಿ ಹಿಡಿದು ಬೀದಿ ಸುತ್ತಿದಳು. ಅವಳಿಗೆ 'ಇಲ್ಲ' ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಓದು ಮುಗಿಸಿ ಅವಳು ಸಲೂನಿಗೇ ನಿಂತಳು. ಕೆಟ್ಟ ಕುರ್ಚಿಯ ಸ್ಪ್ರಿಂಗು ಹಾಕಿಸಿ, ಪೇಪರುಗಳನ್ನು ರದ್ದಿಗೆ ಕೊಟ್ಟು, ಅದನ್ನು ತನ್ನದಾಗಿಸಿಕೊಂಡಳು. ಹೆಣ್ಣುಮಗಳ ಕೈಯಲ್ಲಿ ಕತ್ತಿ ಕಂಡು ಗಂಡಸರು ಗಂಟಲು ಮುಟ್ಟಿಕೊಂಡರು. "ಹೆದರಿಕೆ ಆದ್ರೆ ಅಪ್ಪನ ಕುರ್ಚಿಗೆ ಹೋಗಿ. ಆದ್ರೆ ಅಲ್ಲಿ ತಡವಾಗುತ್ತೆ," ಅನ್ನುತ್ತಿದ್ದಳು. ಕಾಯುವ ವ್ಯವಧಾನವಿಲ್ಲದವರು ಮೊದಲು ಕೂತರು, ಆಮೇಲೆ ಉಳಿದವರೂ ಕೂತರು. ಅಜ್ಜಿ ತೀರಿಕೊಂಡದ್ದು ಆ ವರ್ಷವೇ. ಕೊನೆಯ ದಿನ ಅವಳ ತಲೆ ಬಾಚಿ ನಾಲ್ಕೆಳೆ ಹೆಣೆದು ಕಳಿಸಿಕೊಟ್ಟವಳು ಮೊಮ್ಮಗಳೇ.

ಯುದ್ಧ ನಿಂತಾಗ ಅವಳಿಗೆ ಇಪ್ಪತ್ತೊಂದು. "ಊರು ನೋಡ್ಬೇಕು," ಅಂದಳು. ಅಪ್ಪ ಅಂಗಡಿ ಮುಚ್ಚಿದ, ಕಂಡಕ್ಟರ್ ರಜೆ ಹಾಕಿದಳು. ಮೂವರೂ ರೈಲು ಹತ್ತಿದರು. ಹೊರಡುವ ಮುನ್ನ ಕಂಡಕ್ಟರ್ ನನ್ನ ಅಂಗಡಿಗೆ ಬಂದು ಕಾರಣವಿಲ್ಲದೆ ಕನ್ನಡಕ ಸರಿಮಾಡಿಸಿಕೊಂಡಳು. "ಅಲ್ಲೇ ಉಳ್ಕೋತೀನಿ ಅಂದ್ರೆ ಏನು ಮಾಡ್ಲಣ್ಣಾ?" ಅಂದಳು. ನಾನು ಅವಳ ಕನ್ನಡಕವನ್ನು ಇನ್ನೊಮ್ಮೆ ಒರೆಸಿ ಕೊಟ್ಟೆ.

ಅಲ್ಲಿ ಹುಡುಗಿಯ ಬೀದಿ ಇತ್ತು, ಮನೆ ಇರಲಿಲ್ಲ. ಮನೆಯ ಜಾಗದಲ್ಲಿ ಸಿಮೆಂಟು ಹಾಸಿ ಒಬ್ಬ ಗಾಡಿ ತೊಳೆಯುವ ಅಂಗಡಿ ನಡೆಸುತ್ತಿದ್ದ. ಅವಳು ನೇರ ಒಳಗೆ ನಡೆದು, ಬಾಗಿಲು ಇಲ್ಲಿ, ಕಿಟಕಿ ಇಲ್ಲಿ ಎಂದು ತೋರಿಸುತ್ತ ಹೋಗಿ, ಒಂದು ಮೂಲೆಯಲ್ಲಿ ನಿಂತಿದ್ದ ಲಾರಿಯ ಎದುರು ಥಟ್ಟನೆ ನಿಂತಳು.

"ತೆಗಿ ಇದನ್ನ. ಇದು ನಮ್ಮಮ್ಮನ ಅಡಿಗೆಮನೆ."

ಆತ ಪೈಪು ಹಿಡಿದುಕೊಂಡೇ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಜಾಗ ಖಾಲಿ ಬಿದ್ದಿತ್ತು, ಯಾರೂ ಬರಲಿಲ್ಲ, ನನಗೂ ಹೊಟ್ಟೆಯಿದೆ ಅಂದ. ಮಾತಿಗೆ ಮಾತು ಬೆಳೆಯಿತು. ಸದ್ದು ಕೇಳಿ ಪಕ್ಕದ ಮನೆಯಿಂದ ಬಂದ ಮುದುಕಿಯೊಬ್ಬಳು ಹುಡುಗಿಯ ಹುಟ್ಟಿನ ಹೆಸರು ಕೂಗಿ ತಬ್ಬಿಕೊಂಡಳು. ಊರ ಹೊರಗೆ ಅಮ್ಮನನ್ನು ಮಣ್ಣು ಮಾಡಿದ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿದಳು. ಅಲ್ಲಿ ಸಲೂನಿನವನೂ ಕಂಡಕ್ಟರೂ ದೂರ ನಿಂತರು. ಹುಡುಗಿ ತಿರುಗಿ ನೋಡಿ, ಇಬ್ಬರನ್ನೂ ಕೈ ಹಿಡಿದು ಎಳೆದು ತಂದು ತನ್ನ ಪಕ್ಕ ಕೂರಿಸಿಕೊಂಡಳು.

"ಇವರು ಯಾರು?" ಎಂದು ಮುದುಕಿ ಕೇಳಿದಳು.

"ನನ್ನೋರು."

ಮುದುಕಿ ನಕ್ಕಳು. ನಿನ್ನ ಮಾತು ಇನ್ನೂ ಹತ್ತು ವರ್ಷದ ಮಗುವಿನ ಮಾತಿನ ಹಾಗೇ ಇದೆ, ಇಲ್ಲೇ ಇದ್ದುಬಿಡು, ದೊಡ್ಡವರ ಮಾತು ಕಲಿಸ್ತೀನಿ ಅಂದಳು. ಇದೇ ಅಲ್ವಾ ನಿನ್ನೂರು? ಆ ಭಾಷೆ ತಿಳಿಯದಿದ್ದರೂ ಮುದುಕಿ ಏನು ಕೇಳುತ್ತಿದ್ದಾಳೆಂದು ಕಂಡಕ್ಟರಿಗೆ ತಿಳಿಯಿತು. ಅವಳು ನೆಲ ನೋಡುತ್ತ ಕೂತಳು.

ಹುಡುಗಿ ಉತ್ತರವನ್ನು ಎರಡೂ ಭಾಷೆಯಲ್ಲಿ ಹೇಳಿದಳು, ಎಲ್ಲರಿಗೂ ತಿಳಿಯಲಿ ಎಂದು. "ಇದೂ ನನ್ನೂರೇ, ಅದೂ ನನ್ನೂರೇ. ಒಂದನ್ನ ಆರಿಸ್ಕೋ ಅಂತ ಯಾರೂ ಹೇಳ್ಬೇಡಿ. ಎರಡನ್ನೂ ಬಿಡಲ್ಲ. ಸೋಮವಾರ ಅಂಗಡಿ ತೆಗೀಬೇಕು, ನಾವು ಹೊರಡ್ತೀವಿ. ಆದ್ರೆ ಜಾಗ ನಂದು."

ಜಾಗಕ್ಕಾಗಿ ಅಲ್ಲಿಯ ಕಚೇರಿಗಳಿಗೆ ಅವಳು ವರ್ಷಕ್ಕೊಮ್ಮೆ ಹೋಗಿ ಬಡಿದಾಡಿದಳು. ಮುದುಕಿ ಸಾಕ್ಷಿ ಹೇಳಿದಳು. ಕೊನೆಗೆ ಜಾಗ ಅವಳದ್ದೇ ಎಂದು ತೀರ್ಮಾನವಾಯಿತು. ಇನ್ನೇನು ಓಡಿಸುತ್ತಾಳೆ ಎಂದು ಗಾಡಿ ತೊಳೆಯುವವ ಪೈಪು ಸುತ್ತಿಡುತ್ತಿದ್ದ. ಅವಳು ಅವನನ್ನೇ ಬಾಡಿಗೆಗೆ ಇಟ್ಟುಕೊಂಡಳು. ಒಂದೇ ಷರತ್ತು, ಆ ಮೂಲೆಯಲ್ಲಿ ಗಾಡಿ ನಿಲ್ಲಿಸಕೂಡದು.

ಈ ವರ್ಷ ಹೋದಾಗ ಅಲ್ಲೊಂದು ವ್ಯಾನು ನಿಂತಿತ್ತಂತೆ. ಅವಳು ಒಂದು ಸ್ಟೂಲು ತಂದು ವ್ಯಾನಿನ ಮುಂದೆ ಹಾಕಿಕೊಂಡು, ಕಾಲು ಚಾಚಿ ಕೂತಳು. ಕಂಡಕ್ಟರ್ ಊಟದ ಡಬ್ಬಿ ಬಿಚ್ಚಿದಳು. ಅಪ್ಪ ನೆರಳು ನೋಡಿ ಕೂತ. ಅವರು ಊಟ ಮುಗಿಸುವಷ್ಟರಲ್ಲಿ ಗಾಡಿ ತೊಳೆಯುವವ ಬೀಗದ ಕೈ ಹುಡುಕಿ ತಂದು, ಬಾಯಲ್ಲೇ ಏನೋ ಗೊಣಗುತ್ತ, ವ್ಯಾನನ್ನು ಹಿಂದಕ್ಕೆ ತೆಗೆದ.